ಮೊದಲ ಉಚ್ಚೆ ಚೆಲ್ಲಿ, ಗಡಿಯಾರ ನೋಡಿ

ರಾಯಚೂರಿನ ಒಂದು ಲ್ಯಾಬಿನ ಕೌಂಟರಿನಲ್ಲಿ ನಾನು ಕೆಲವು ವರ್ಷ ಕೂತಿದ್ದೆ. ಸಿಂಧನೂರು, ಮಾನ್ವಿ, ದೇವದುರ್ಗದ ಕಡೆಯಿಂದ ಜನ ಬೆಳಗಿನ ಬಸ್ಸಿಗೇ ಬರುತ್ತಿದ್ದರು. ಕೈಚೀಲದಲ್ಲಿ ಕ್ಯಾನು, ಅದರ ಮೇಲೊಂದು ಟವೆಲ್ಲು. ಒಳಗೆ 24 ಗಂಟೆಯ ಉಚ್ಚೆ. "ಯಾವಾಗ ಶುರು ಮಾಡಿದ್ರಿ ಕಾಕಾ?" ಎಂದು ಕೇಳಿದರೆ, "ನಿನ್ನೆ ಮುಂಜಾನೆ ಎದ್ದ ಕೂಡ್ಲೇ ಹಿಡದೀನ್ರೀ, ಒಂದ್ ಹನಿ ಸೈತ ಬಿಟ್ಟಿಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅಲ್ಲಿಗೆ ಆ ಕ್ಯಾನು ಕೆಟ್ಟಿತು ಎಂದೇ ಅರ್ಥ.

ಕಿಡ್ನಿಯಿಂದ ದಿನಕ್ಕೆ ಎಷ್ಟು ಪ್ರೋಟೀನ್ ಸೋರುತ್ತಿದೆ, ಎಷ್ಟು ಉಪ್ಪು ಹೋಗುತ್ತಿದೆ, ಕಲ್ಲು ಯಾಕೆ ಆಗುತ್ತಿದೆ ಎಂದು ತಿಳಿಯಲು ಈ ಪರೀಕ್ಷೆ ಮಾಡುತ್ತಾರೆ. ಆಸ್ಪತ್ರೆಯವರೂ ಕೇಳುತ್ತಾರೆ, ಕಿಡ್ನಿ ಬಗ್ಗೆ ಸಂಶೋಧನೆ ಮಾಡುವವರೂ ಕೇಳುತ್ತಾರೆ.

ಮೊದಲು ದಿನ ಆರಿಸಿಕೊಳ್ಳಿ. ಹೊಲದವರಿಗೆ ನಾನು ಹೇಳುವುದು ಎತ್ತು ಹೂಡದ ಸೋಮವಾರ. ಮನೆಯಲ್ಲೇ ಇರುತ್ತೀರಿ, ಮಂಗಳವಾರ ಲ್ಯಾಬ್ ತೆರೆದಿರುತ್ತದೆ. ಮದುವೆ, ಜಾತ್ರೆ, ನಾಟಿಯ ದಿನ ಬೇಡವೇ ಬೇಡ. ಜ್ವರ ಇದ್ದರೆ ಅಥವಾ ಮುಟ್ಟಾಗಿದ್ದರೆ ಮುಂದಕ್ಕೆ ಹಾಕಿ.

ಕ್ಯಾನನ್ನು ಲ್ಯಾಬಿನಿಂದಲೇ ತನ್ನಿ. ಕೂಲ್‌ಡ್ರಿಂಕ್ಸ್ ಬಾಟಲಿ ತೊಳೆದು ತರುವವರಿದ್ದಾರೆ. ಎಷ್ಟು ತೊಳೆದರೂ ಅದರ ಅಂಟು ಹೋಗುವುದಿಲ್ಲ. ಇನ್ನೊಂದು ಮಾತು. ಕಲ್ಲಿನ ಪರೀಕ್ಷೆಗೆ ಕೊಡುವ ಕೆಲವು ಕ್ಯಾನುಗಳ ತಳದಲ್ಲಿ ಸ್ವಲ್ಪ ಆಸಿಡ್ ಹಾಕಿರುತ್ತಾರೆ. ಕೊಳೆ ನೀರು ಅಂದುಕೊಂಡು ಚೆಲ್ಲಿ, ಸೋಪು ಹಾಕಿ ತೊಳೆದು ತಂದ ಅಮ್ಮನನ್ನು ನೋಡಿದ್ದೇನೆ. ಅದನ್ನು ಚೆಲ್ಲಬೇಡಿ. ನೇರವಾಗಿ ಕ್ಯಾನಿಗೆ ಹೋಗಲೂ ಬೇಡಿ, ಸಿಡಿದರೆ ಚರ್ಮ ಸುಡುತ್ತದೆ. ಒಂದು ಮಗ್ಗಿನಲ್ಲಿ ಹಿಡಿದು ನಿಧಾನಕ್ಕೆ ಸುರಿಯಿರಿ. ಹೆಸರನ್ನು ಕ್ಯಾನಿನ ಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ.

ಈಗ ಎಲ್ಲರೂ ಎಡವುವ ಜಾಗ. ಸೋಮವಾರ ಬೆಳಿಗ್ಗೆ 6ಕ್ಕೆ ಎದ್ದಿರಿ ಅನ್ನಿ. ಒಂದಕ್ಕೆ ಹೋಗಿ. ಅದನ್ನು ಹಿಡಿಯಬೇಡಿ, ಪೂರ್ತಿ ಚೆಲ್ಲಿ. ಗಡಿಯಾರ ನೋಡಿ 6 ಎಂದು ಬರೆಯಿರಿ. ಆಮೇಲಿನದ್ದೆಲ್ಲ ಕ್ಯಾನಿಗೆ. ಮಂಗಳವಾರ ಬೆಳಿಗ್ಗೆ ಸರಿಯಾಗಿ 6ಕ್ಕೆ, ಬರಲಿ ಬಿಡಲಿ, ಒಂದಕ್ಕೆ ಹೋಗಿ ಅದನ್ನೂ ಕ್ಯಾನಿಗೆ ಹಾಕಿ. ಅಲ್ಲಿಗೆ ಮುಗಿಯಿತು.

ಮೊದಲನೆಯದನ್ನು ಯಾಕೆ ಚೆಲ್ಲಬೇಕು? ಭಾನುವಾರ ರಾತ್ರಿ 10ಕ್ಕೆ ಕೊನೆಯ ಸಲ ಹೋಗಿ ಮಲಗಿದ್ದರೆ, ಬೆಳಗಿನ ಆ ಉಚ್ಚೆ ಹಿಂದಿನ 8 ಗಂಟೆಯದ್ದು. ಅದನ್ನೂ ಹಿಡಿದರೆ ಕ್ಯಾನಿನಲ್ಲಿ 32 ಗಂಟೆಯ ಸರಕು ಕೂರುತ್ತದೆ. ದಿನಕ್ಕೆ 3 ಗ್ರಾಂ ಪ್ರೋಟೀನ್ ಸೋರುವವರಿಗೆ ರಿಪೋರ್ಟಿನಲ್ಲಿ 4 ಗ್ರಾಂ ಬರುತ್ತದೆ. ಅದೇ ಮಂಗಳವಾರ ಬೆಳಗಿನದ್ದನ್ನು ಮರೆತು ಚೆಲ್ಲಿದರೆ? ರಾತ್ರಿಯ 8 ಗಂಟೆ ಹೋಯಿತು, ಉಳಿದದ್ದು 16 ಗಂಟೆ. ಆಗ 2 ಗ್ರಾಂ. ರೋಗ ಇದ್ದಲ್ಲೇ ಇದೆ, ಡಾಕ್ಟರು ಮಾತ್ರ ಔಷಧಿ ಹಿಡಿಯಿತು ಅಂದುಕೊಳ್ಳುತ್ತಾರೆ. ಆರೋಗ್ಯವಂತರಿಗೆ ದಿನಕ್ಕೆ 150 ಮಿಲಿಗ್ರಾಂ ಕೂಡ ಹೋಗಬಾರದು ಅಂದಮೇಲೆ, ಒಂದು ಗ್ರಾಂ ಆಚೀಚೆ ಅಂದರೆ ಎಷ್ಟು ದೊಡ್ಡದು, ಅಲ್ವಾ?

ಮಧ್ಯದಲ್ಲೂ ಸೋರಿಕೆ ಇದ್ದೇ ಇರುತ್ತದೆ. ಎರಡಕ್ಕೆ ಹೋದಾಗ ಒಂದೂ ಜೊತೆಗೇ ಹೋಗಿಬಿಡುತ್ತದೆ. ಅದಕ್ಕೇ ಚೊಂಬು ಹಿಡಿಯುವ ಮೊದಲು ಮಗ್ಗು ಹಿಡಿಯಿರಿ. ಸ್ನಾನಕ್ಕೆ ಮುಂಚೆಯೂ ಹಾಗೇ. ಕ್ಯಾನು ತುಂಬಲಿ ಅಂತ ಸುಮ್ನೆ ಜಾಸ್ತಿ ನೀರು ಕುಡಿಯಬೇಡಿ, ತುಂಬಬೇಕೆಂಬ ನಿಯಮವೇ ಇಲ್ಲ. ನಮ್ಮ ಬೇಸಿಗೆಯಲ್ಲಿ ಬೆವರಾಗಿಯೇ ಎಷ್ಟೋ ಹೋಗುತ್ತದೆ. ಊಟವೂ ದಿನದಂತೆಯೇ ಇರಲಿ: ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ. ಅವತ್ತೊಂದು ದಿನ ಸಪ್ಪೆ ಉಂಡರೆ ಮೋಸ ಹೋಗುವವರು ನೀವೇ. ಮಾತ್ರೆಗಳನ್ನು ಡಾಕ್ಟರು ಹೇಳದೆ ಬಿಡಬೇಡಿ. ಕಿಡ್ನಿ ತೊಳೆಯುತ್ತದೆ ಎಂದು ಸಂತೆಯಲ್ಲಿ ಮಾರುವ ಪುಡಿಯನ್ನಂತೂ ಅವತ್ತು ಮಾತ್ರವಲ್ಲ, ಯಾವತ್ತೂ ಮುಟ್ಟಬೇಡಿ.

ಫ್ರಿಜ್ಜಿನಲ್ಲಿಡಿ. ಮನೆಯವರು ಒಪ್ಪದಿದ್ದರೆ ಐಸ್ ಹಾಕಿದ ಬಕೆಟ್ಟಿನಲ್ಲಿ, ನೆರಳಿನಲ್ಲಿ.

ಒಂದು ಸಲ ತಪ್ಪಿಹೋಯಿತೇ? ನೀರು ಬೆರೆಸಿ ಸರಿದೂಗಿಸುವ ಜಾಣರಿದ್ದಾರೆ. ಸಿಕ್ಕಿಬೀಳುತ್ತೀರಿ. ಸ್ನಾಯುಗಳಿಂದ ಬಂದು ಉಚ್ಚೆಯಲ್ಲಿ ಹೋಗುವ ಕ್ರಿಯಾಟಿನಿನ್ ಎಂಬ ಕಸ ದಿನವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಂಡಸರಲ್ಲಿ ತೂಕದ ಪ್ರತಿ ಕಿಲೋಗೆ ಸುಮಾರು 15ರಿಂದ 25 ಮಿಲಿಗ್ರಾಂ, ಹೆಂಗಸರಲ್ಲಿ ಮತ್ತು ವಯಸ್ಸಾದವರಲ್ಲಿ ಕಡಿಮೆ. 60 ಕಿಲೋ ತೂಗುವ ಗಟ್ಟಿ ಆಳಿನ ಕ್ಯಾನಿನಲ್ಲಿ 400 ಮಿಲಿಗ್ರಾಂ ಮಾತ್ರ ಇದ್ದರೆ, ಅರ್ಧಕ್ಕಿಂತ ಹೆಚ್ಚು ಉಚ್ಚೆ ಬೇರೆಲ್ಲೋ ಹೋಗಿದೆ ಎಂದು ಲ್ಯಾಬಿಗೆ ಗೊತ್ತಾಗುತ್ತದೆ. ನೀರು ಬೆರೆಸಿದರೆ ಕ್ರಿಯಾಟಿನಿನ್ ಹೆಚ್ಚುವುದಿಲ್ಲವಲ್ಲ. "ತಪ್ಪಿತು" ಎಂದು ಹೇಳಿಬಿಡಿ, ಇನ್ನೊಂದು ಕ್ಯಾನು ಕೊಡುತ್ತಾರೆ.

ಸಂಶೋಧನೆ ಮಾಡುವವರು ಇನ್ನೂ ಹುಷಾರು. ಉಪ್ಪು ಮತ್ತು ಬಿ.ಪಿ. ಕುರಿತ ಇಂಟರ್‌ಸಾಲ್ಟ್ ಅಧ್ಯಯನ 1988ರಲ್ಲಿ ಪ್ರಕಟವಾಯಿತು. 32 ದೇಶಗಳ 10,000ಕ್ಕೂ ಹೆಚ್ಚು ಜನ ಹೀಗೇ ಉಚ್ಚೆ ಹಿಡಿದು ಕೊಟ್ಟರು. ದೆಹಲಿ, ಲಡಾಖ್‌ನವರೂ ಇದ್ದರು. ಮೊದಲನೆಯದನ್ನು ಚೆಲ್ಲುವುದು, ಕೊನೆಯದನ್ನು ಹಿಡಿಯುವುದು ಎರಡೂ ಸಿಬ್ಬಂದಿಯ ಕಣ್ಣೆದುರೇ ನಡೆಯುತ್ತಿತ್ತು. ಕೆಲವು ಅಧ್ಯಯನಗಳಲ್ಲಿ ಪಾಬಾ ಎಂಬ ಮಾತ್ರೆ ನುಂಗಿಸುತ್ತಾರೆ. ಅದು ಬಹುಪಾಲು ಉಚ್ಚೆಯಲ್ಲೇ ಹೊರಬರುತ್ತದೆ. ಕ್ಯಾನಿನಲ್ಲಿ ಅದು ಕಡಿಮೆ ಬಂದರೆ ನಿಮ್ಮ ಲೆಕ್ಕ ತಪ್ಪಿದೆ ಎಂದಾಯಿತು. ಅಂಥ ಅಧ್ಯಯನಕ್ಕೆ ಸೇರುವಾಗ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ, ಓದಿಸಿಕೊಂಡು ಸಹಿ ಮಾಡಿ. ನಡುವೆ ಬೇಡ ಅನಿಸಿದರೆ ಬಿಟ್ಟು ಬರಬಹುದು, ಅದರಿಂದ ನಿಮ್ಮ ಚಿಕಿತ್ಸೆಗೆ ಅಡ್ಡಿಯಾಗಬಾರದು.

ಇನ್ನು ಕ್ಯಾನು ಮುಟ್ಟಿಸುವುದು. ಪೂರ್ತಿ ತನ್ನಿ, ಭಾರ ಅಂತ ಅರ್ಧ ಚೆಲ್ಲಬೇಡಿ. ರಕ್ತವನ್ನೂ ಕೇಳಿದ್ದರೆ ಅವತ್ತೇ ಕೊಟ್ಟುಬಿಡಿ. ಬಸ್ಸಿನಲ್ಲಿ ಮೇಲಿನ ಕ್ಯಾರಿಯರಿಗೆ ಮಾತ್ರ ಇಡಬೇಡಿ, ಲಿಂಗಸೂಗೂರಿನಿಂದ ಬಂದ ಒಬ್ಬರ ಮುಚ್ಚಳ ಸಡಿಲವಿತ್ತು, ಕೆಳಗೆ ಕೂತವರು ಬೈದದ್ದು ಅಷ್ಟಿಷ್ಟಲ್ಲ. ಎರಡು ಕಾಲಿನ ನಡುವೆ ನೆಟ್ಟಗೆ ನಿಲ್ಲಿಸಿಕೊಳ್ಳಿ.