ನನ್ನ ಅನುಭವ: ಸೋಮವಾರದ ಉಪವಾಸ ಬಿಟ್ಟ ಮೇಲೆ

ನನಗೀಗ 44. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ, ದಿನಾ ಚಿಗರಿ ಬಸ್ಸಿನ ಓಡಾಟ. ಸುಮಾರು 6 ವರ್ಷ ನಾನು ಹಗಲೆಲ್ಲಾ ಹಸಿದುಕೊಂಡಿದ್ದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಲೈಟ್ ಹಾಕದೆ ನಿಂತು ತಿನ್ನುತ್ತಿದ್ದೆ. ಕಟಕ್ ರೊಟ್ಟಿ ಮುರಿದರೆ ಸದ್ದಾಗುತ್ತದೆ ಅಲ್ವಾ, ಅದಕ್ಕೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳುತ್ತಿದ್ದೆ. ಅದರ ಮೇಲೆ ಶೇಂಗಾ ಚಟ್ನಿ, ಆಮೇಲೆ ಪೇಡೆ, ಮಕ್ಕಳ ಬಿಸ್ಕೀಟು. ರುಚಿನೇ ಗೊತ್ತಾಗುತ್ತಿರಲಿಲ್ಲ. ಸಾಕು ಅನಿಸಿದರೂ ಕೈ ನಿಲ್ಲುತ್ತಿರಲಿಲ್ಲ.

ಶುರುವಾಗಿದ್ದು ಎರಡನೇ ಬಾಣಂತನ ಮುಗಿದ ಮೇಲೆ. ಒಂದು ಮದುವೆಯಲ್ಲಿ ಸಂಬಂಧಿಕರೊಬ್ಬರು ಎಲ್ಲರ ಮುಂದೆ, "ಏನವಾ, ಭಾಳ ದಪ್ಪ ಆಗೀಯಲ್ಲ" ಅಂದರು. ಮರುದಿನದಿಂದಲೇ ಉಪವಾಸ ಹಿಡಿದೆ. ಮೊದಲು ಸೋಮವಾರ, ಆಮೇಲೆ ಗುರುವಾರ, ಸಂಕಷ್ಟಿ, ಏಕಾದಶಿ. ನಮ್ಮ ಕಡೆ ಉಪವಾಸ ಅಂದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ, ಹೊಗಳುತ್ತಾರೆ. ನನ್ನ ಕಾಯಿಲೆ ಅಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದು ಅಲ್ಲೇ.

ಮೊದಲು ನೋಡಿದ ಡಾಕ್ಟರು ಊಟ ಕಡಿಮೆ ಮಾಡಿ ಅಂದರು. ಮಾಡಿದೆ. ರಾತ್ರಿಯದು ಇನ್ನೂ ಜಾಸ್ತಿ ಆಯಿತು. ಕೊನೆಗೆ ನಮ್ಮೂರಿನ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆ, ಅದೂ ಜನ ಏನಂತಾರೋ ಅಂತ 2 ಸಲ ಗೇಟಿನಿಂದ ವಾಪಸ್ ಬಂದ ಮೇಲೆ. ಇದು ಬಿಂಜ್ ಈಟಿಂಗ್ ಡಿಸಾರ್ಡರ್, ಅಂದರೆ ಹಿಡಿತ ತಪ್ಪಿ ಮಿತಿಮೀರಿ ತಿನ್ನುವ ಕಾಯಿಲೆ, 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಬೇರೆಯೇ ಜಾಗ ಇದೆ, ವಾರಕ್ಕೆ ಒಮ್ಮೆಯಾದರೂ ಹೀಗಾಗಿ 3 ತಿಂಗಳು ನಡೆದರೆ ಕಾಯಿಲೆ ಅಂತ ಲೆಕ್ಕ ಅಂತ ಅಲ್ಲಿ ತಿಳಿಯಿತು. ನನ್ನದು ವಾರಕ್ಕೆ 4 ರಾತ್ರಿ.

ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರಿಗೆ 6 ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರಂತೆ. ಅವರಿಗೆ ಹಗಲು ರಾತ್ರಿ ಊಟದ್ದೇ ಯೋಚನೆ. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಲಲಿಲ್ಲ. ಇದನ್ನು ಓದಿದ ದಿನ ನಾನು ಅತ್ತುಬಿಟ್ಟೆ. ನನಗೆ ಮನಸ್ಸಿನ ಗಟ್ಟಿತನ ಇಲ್ಲ ಅಂತ ಅಲ್ಲ, ಹಸಿದ ದೇಹ ಕೇಳುತ್ತಿತ್ತು ಅಷ್ಟೇ.

ನಾನು ಮಾಡಿದ್ದು ಹೀಗೆ. ಬೆಳಗ್ಗೆ 8, 11, ಮಧ್ಯಾಹ್ನ 1.30, ಸಂಜೆ 5, ರಾತ್ರಿ 8.30. ಹಸಿವಾಗಲಿ ಬಿಡಲಿ, ಆ ಹೊತ್ತಿಗೆ ತಿನ್ನುವುದು. 11ಕ್ಕೆ ಸುಮ್ನೆ ಒಂದು ಬಾಳೆಹಣ್ಣು, ಸಂಜೆ ಒಂದು ಹಿಡಿ ಮಂಡಕ್ಕಿ. ಒಂದು ನೋಟ್‌ಬುಕ್ಕಿನಲ್ಲಿ ಎಷ್ಟು ಹೊತ್ತಿಗೆ, ಏನು, ಆಗ ಮನಸ್ಸಿನಲ್ಲಿ ಏನಿತ್ತು ಅಂತ ಬರೆದೆ. ಕ್ಯಾಲೊರಿ ಬರೆಯಲಿಲ್ಲ. ತೂಕ ವಾರಕ್ಕೆ ಒಂದೇ ಸಲ. ಆ ಅಂಕಿ ಇಲ್ಲಿ ಹೇಳುವುದಿಲ್ಲ, ಓದಿದವರು ತಮ್ಮದಕ್ಕೆ ಹೋಲಿಸಿಕೊಳ್ಳುತ್ತಾರೆ, ನಾನೂ ಹಾಗೇ ಮಾಡುತ್ತಿದ್ದೆ.

ಎಲ್ಲಕ್ಕಿಂತ ಕಷ್ಟ ಆಗಿದ್ದು ರಾತ್ರಿ ಮಿತಿಮೀರಿ ತಿಂದ ಮರುದಿನ ಬೆಳಗ್ಗೆ 8ಕ್ಕೆ ಮತ್ತೆ ಉಪ್ಪಿಟ್ಟಿನ ತಟ್ಟೆ ಮುಂದೆ ಕೂಡುವುದು. ಬಿಟ್ಟರೆ ಅವತ್ತಿನ ರಾತ್ರಿ ಮತ್ತೆ ಅದೇ ಗತಿ. ಅದಕ್ಕೆ ಅಳುತ್ತಾ ತಿಂದ ದಿನಗಳೂ ಇವೆ.

ಉಪವಾಸದ ವಿಷಯ ಅತ್ತೆಯವರಿಗೆ ಹೇಳಲು ಹೆದರಿಕೆ ಇತ್ತು. ಶ್ರಾವಣದ ಮೊದಲ ಸೋಮವಾರ ಎಲ್ಲಾ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದೇವರಿಗೆ ಹೂವಾ ಏರಿಸಿ ಕೈ ಮುಗಿ. ಹಸಕೊಂಡು ಕೂಡು ಅಂತ ಅಂವ ಕೇಳ್ಯಾನೇನು?" ಅಂದು ತಾವೇ ತಟ್ಟೆ ಹಾಕಿದರು.

ವಾರಕ್ಕೆ 4 ಇದ್ದದ್ದು 5 ತಿಂಗಳಲ್ಲಿ ತಿಂಗಳಿಗೆ ಒಂದಕ್ಕೆ ಇಳಿಯಿತು. ತೂಕ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ತಿಂದು ವಾಂತಿ ಮಾಡಿಕೊಳ್ಳುವವರು, ಭೇದಿ ಮಾತ್ರೆ ನುಂಗುವವರು ದಯವಿಟ್ಟು ನನ್ನ ಹಾಗೆ ನೋಟ್‌ಬುಕ್ ಹಿಡಿದು ಕೂಡಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯಕ್ಕೇ ತೊಂದರೆ ಆಗಬಹುದು, ಮೊದಲು ಡಾಕ್ಟರ ಹತ್ತಿರ ಹೋಗಿ ರಕ್ತ ತೋರಿಸಿ. ಯಾರ ಹತ್ತಿರವೂ ಬಾಯಿ ಬಿಡಲು ಆಗದಿದ್ದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೋದ ದೀಪಾವಳಿಗೆ ಜಂಪರ್ ಹೊಲಿಸಲು ಹೋಗಿದ್ದೆ. ಎಷ್ಟೋ ವರ್ಷ ಹಳೆಯ ಬಿಗಿ ಜಂಪರನ್ನೇ ಅಳತೆಗೆ ಕೊಡುತ್ತಿದ್ದೆ. ಈ ಸಲ ಮೈಯ ಅಳತೆ ತಗೊಳ್ರಿ ಅಂದೆ. ಟೇಪು ಹಿಡಿದ ಅಕ್ಕ, "ಹೊಟ್ಟಿ ಒಳಗ ಎಳಕೋಬ್ಯಾಡ್ರಿ, ಉಸಿರು ಬಿಡ್ರಿ" ಅಂದರು. ಬಿಟ್ಟೆ. 4 ಜಂಪರ್ ಹೊಲಿಸಿದೆ, ನಾಲ್ಕೂ ಸರಿಯಾಗಿ ಕೂಡುತ್ತವೆ.