ಅಡಿಕೆ ಹಾಳೆ ತಟ್ಟೆ ಘಟಕ: ಸರ್ಟಿಫಿಕೇಟಿಗೂ ಮೇಳದ ಸ್ಟಾಲಿಗೂ ಸಹಾಯಧನ ಪಡೆಯುವ ಕ್ರಮ

ಇಲ್ಲಿ ಹೇಳುವ ಹಣದಲ್ಲಿ ಹೆಚ್ಚಿನದು ಮುಂಗಡವಾಗಿ ಬರುವುದಿಲ್ಲ. ಮೊದಲು ಕೈಯಿಂದ ಖರ್ಚು ಮಾಡಬೇಕು, ಬಿಲ್ಲು ಕೊಟ್ಟ ಮೇಲೆ ವಾಪಸ್ ಬರುತ್ತದೆ. ಹಾಗಾಗಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದು ಬಹಳ ಮುಖ್ಯ.

ಶುರು ಉದ್ಯಮ್ ನೋಂದಣಿಯಿಂದ, ಅಂದರೆ ಸಣ್ಣ ಉದ್ದಿಮೆ ಎಂದು ಕೇಂದ್ರ ಸರ್ಕಾರದಲ್ಲಿ ಹೆಸರು ದಾಖಲಿಸುವುದರಿಂದ. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ಪೋರ್ಟಲಿನಲ್ಲಿ ಪುಕ್ಕಟೆ ಆಗುತ್ತದೆ. ದುಡ್ಡು ಕೇಳಿದರೆ ಅದು ಖಾಸಗಿ ಸೈಟು, ಹೊರಬನ್ನಿ. ಚಟುವಟಿಕೆ ‘ತಯಾರಿಕೆ’ ಎಂದೇ ಇರಬೇಕು. ‘ವ್ಯಾಪಾರ’ ಎಂದು ಹಾಕಿದರೆ ಬ್ಯಾಂಕಿನ ಆದ್ಯತಾ ಸಾಲದ ಅನುಕೂಲವಷ್ಟೇ ಸಿಗುತ್ತದೆ, ಮುಂದಿನ ಯಾವ ಯೋಜನೆಯೂ ಸಿಗುವುದಿಲ್ಲ. ಉದ್ಯಮ್‌ನಲ್ಲಿರುವ ಹೆಸರು, ಬ್ಯಾಂಕ್ ಖಾತೆಯ ಹೆಸರು, ಬಿಲ್ಲಿನ ಹೆಸರು ಮೂರೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಘಟಕ ಒಂದು ಹೆಸರಿನಲ್ಲಿದ್ದು ಲ್ಯಾಬಿನ ಬಿಲ್ಲು ಮಾಲೀಕರ ಹೆಸರಿಗೆ ಬಂದರೆ ಕ್ಲೇಮು ಅಲ್ಲೇ ನಿಲ್ಲುತ್ತದೆ.

ಆಮೇಲೆ ಝೆಡ್, ಅಂದರೆ ದೋಷವಿಲ್ಲದ, ಪರಿಸರಕ್ಕೆ ಹಾನಿಯಿಲ್ಲದ ತಯಾರಿಕೆಗೆ ಕೇಂದ್ರ ಕೊಡುವ ಸರ್ಟಿಫಿಕೇಟು. ಪೋರ್ಟಲಿನಲ್ಲಿ ಪ್ರತಿಜ್ಞೆ ತೆಗೆದುಕೊಂಡು ಮೂರು ಹಂತಗಳಲ್ಲಿ ಮೊದಲನೆಯದಾದ ಬ್ರಾಂಜ್‌ಗೆ ಅರ್ಜಿ ಹಾಕಿ. ಬ್ರಾಂಜ್ ಶುಲ್ಕ 10,000 ರೂ., ಸಿಲ್ವರ್ 40,000, ಗೋಲ್ಡ್ 90,000. ಇದರಲ್ಲಿ ಸೂಕ್ಷ್ಮ ಘಟಕಕ್ಕೆ ಶೇ 80, ಸಣ್ಣ ಘಟಕಕ್ಕೆ ಶೇ 60 ಸಬ್ಸಿಡಿ. ಮಹಿಳಾ ಮಾಲೀಕತ್ವದ ಘಟಕಕ್ಕೆ ಪೂರ್ತಿ. ಬ್ರಾಂಜ್‌ಗೆ ಸ್ವಚ್ಛತೆ, ಸುರಕ್ಷತೆ, ಗುಣಮಟ್ಟ, ಸಮಯಕ್ಕೆ ಸರಿಯಾದ ಡೆಲಿವರಿ ಮುಂತಾದ ಐದು ವಿಷಯಗಳಿಗೆ ಫೋಟೊ, ದಾಖಲೆ ಕೊಟ್ಟರೆ ಸಾಕು. ತಟ್ಟೆ ಒತ್ತುವ ಪ್ರೆಸ್ಸಿನ ಬಿಸಿ ಡೈ (ಅಚ್ಚು) ಪಕ್ಕ ಎಚ್ಚರಿಕೆ ಫಲಕ, ಕೆಲಸಗಾರರ ಕೈಗವಸು, ದಿನದ ಆರ್ಡರ್ ಪುಸ್ತಕ ಇಂಥವು ಫೋಟೊದಲ್ಲಿ ಸ್ಪಷ್ಟವಾಗಿ ಕಾಣಬೇಕು.

ಝೆಡ್ ಮೊದಲು ಎನ್ನಲು ಕಾರಣವಿದೆ. ಝೆಡ್ ಪಡೆದ ಘಟಕಕ್ಕೆ ಪರೀಕ್ಷೆ ಮತ್ತು ಉತ್ಪನ್ನ ಸರ್ಟಿಫಿಕೇಟಿನ ಖರ್ಚಿನಲ್ಲಿ ಶೇ 75ರವರೆಗೆ, ಗರಿಷ್ಠ 50,000 ರೂ. ನೆರವು ಇದೆ. ಅವಸರಕ್ಕೆ ಮೊದಲೇ ಪರೀಕ್ಷೆ ಮಾಡಿಸಿದರೆ ಈ ಹಣ ಕೈತಪ್ಪಬಹುದು.

ಯಾವ ಸರ್ಟಿಫಿಕೇಟು ಎಂಬಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗೆ. ಹಾಳೆ ಪ್ಲಾಸ್ಟಿಕ್ ಅಲ್ಲ, ಅದರ ಹಿಂದೆ ಬಿದ್ದು ಹಣ ಕಳೆಯಬೇಡಿ. ನಿಮಗೆ ಬೇಕಾದದ್ದು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) 2023ರಲ್ಲಿ ತಂದ ಐಎಸ್ 18267, ಕೃಷಿ ಉಳಿಕೆಯಿಂದ ಮಾಡಿದ ಊಟದ ಪಾತ್ರೆಗಳ ಮಾನಕ. ಅದರಲ್ಲಿ ರಾಸಾಯನಿಕ, ರಾಳ, ಅಂಟು ನಿಷಿದ್ಧ. ಬಿಐಎಸ್‌ನ ಗುರುತು ಹಾಕಿಕೊಳ್ಳಲು ಕೊಡುವ ಕನಿಷ್ಠ ಮಾರ್ಕಿಂಗ್ ಶುಲ್ಕದಲ್ಲಿ ಸೂಕ್ಷ್ಮ ಘಟಕಕ್ಕೆ ಶೇ 80 ರಿಯಾಯಿತಿ ಉಂಟು.

ಸ್ಯಾಂಪಲ್ ಕಳಿಸುವ ಮುನ್ನ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಹಾಳೆಯ ಬುಡದ ಕಡೆ ದಪ್ಪ, ತೇವ ಅಲ್ಲೇ ಉಳಿಯುವುದು, ಬೂಷ್ಟು ಮೊದಲು ಹತ್ತುವುದೂ ಅಲ್ಲೇ. ಮಳೆಗಾಲದಲ್ಲಿ ಒತ್ತಿದ ತಟ್ಟೆಯನ್ನು ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಕವರಿಗೆ ತುಂಬಿದರೆ ಲ್ಯಾಬ್ ಮುಟ್ಟುವಷ್ಟರಲ್ಲಿ ಬಿಳಿ ಚುಕ್ಕೆ ಬಂದಿರುತ್ತದೆ. ಬುಡದ ಭಾಗ ಕತ್ತರಿಸಿ ತೆಗೆದು, ಪೂರ್ತಿ ಒಣಗಿಸಿ, ಕಾಗದದಲ್ಲಿ ಸುತ್ತಿ ಕಳಿಸಿ.

ಮಾರಾಟಕ್ಕೆ ಕೇಂದ್ರದ ಖರೀದಿ ಮತ್ತು ಮಾರುಕಟ್ಟೆ ಬೆಂಬಲ ಯೋಜನೆ ಇದೆ. ದೇಶದೊಳಗಿನ ಅನುಮೋದಿತ ಮೇಳದ ಸ್ಟಾಲ್ ಬಾಡಿಗೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 80, ಮಹಿಳೆಯರು ಮತ್ತು ಪರಿಶಿಷ್ಟರಿಗೆ ಶೇ 100, ನಿಗದಿತ ಮಿತಿಯೊಳಗೆ. ಮೇಳಕ್ಕೆ ಮುಂಚೆಯೇ ಅರ್ಜಿ ಹಾಕಬೇಕು. ಸ್ಟಾಲಿನಲ್ಲಿ ಫಲಕದ ಜೊತೆ ತೆಗೆದ ಫೋಟೊ, ಬಾಡಿಗೆ ರಸೀದಿ, ಪ್ರಯಾಣದ ಟಿಕೆಟ್ ಜೋಪಾನ ಮಾಡಿ.

ಬ್ರಾಂಡ್ ಹೆಸರು ನೋಂದಾಯಿಸಿ. ಟ್ರೇಡ್‌ಮಾರ್ಕ್ ಆನ್‌ಲೈನ್ ಶುಲ್ಕ ಇತರರಿಗೆ 9,000, ಸಣ್ಣ ಉದ್ದಿಮೆಗೆ 4,500 ರೂ. ನೋಂದಣಿ ಸಿಕ್ಕ ಮೇಲೆ ಸಣ್ಣ ಉದ್ದಿಮೆಗಳಿಗಿರುವ ಕೇಂದ್ರದ ಎಂಎಸ್‌ಎಂಇ ಇನೊವೇಟಿವ್ ಯೋಜನೆಯಲ್ಲಿ 10,000 ರೂ.ವರೆಗೆ ವಾಪಸ್ ಕೇಳಬಹುದು.

ಅಮೆರಿಕಕ್ಕೆ ಕಳಿಸುವ ಆಸೆಯಿದ್ದರೆ ಸದ್ಯ ತಡೆಯಿರಿ. ಅಡಿಕೆಯ ಆಲ್ಕಲಾಯ್ಡ್‌ಗಳು (ಗಿಡದಲ್ಲೇ ಇರುವ ರಾಸಾಯನಿಕಗಳು) ಊಟಕ್ಕೆ ಇಳಿಯಬಹುದೆಂಬ ಕಾರಣಕ್ಕೆ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಹಾಳೆ ತಟ್ಟೆಗಳಿಗೆ ಒಪ್ಪಿಗೆ ಇಲ್ಲವೆಂದಿದೆ. ಆ ಮಾರುಕಟ್ಟೆಗೆಂದು ಈಗ ಸ್ಟಾಲು, ಪರೀಕ್ಷೆ ಯಾವುದಕ್ಕೂ ಹಣ ಹಾಕಬೇಡಿ.