ಸಾಲ್ಟಾದಲ್ಲಿ ಊಟಕ್ಕೆ ಹೊರಡುವ ಮೊದಲು ಗಡಿಯಾರ ನೋಡಿ

ಅರ್ಜೆಂಟೀನಾದ ವಾಯವ್ಯ ಮೂಲೆಯ ಸಾಲ್ಟಾಕ್ಕೆ ಹೋದವರು ಮೊದಲ ದಿನವೇ ಮಾಡುವ ತಪ್ಪು ಅಂದ್ರೆ ಸಂಜೆ 7ಕ್ಕೆ ರಾತ್ರಿ ಊಟ ಹುಡುಕೋದು. ನಾನೂ ಮಾಡಿದೆ. ಒಂದು ಹೋಟೆಲ್ ಬಾಗಿಲು ತೆರೆದಿತ್ತು ಅಂತ ಒಳಗೆ ಹೋದರೆ, ಕುರ್ಚಿಗಳೆಲ್ಲ ಇನ್ನೂ ಮೇಜಿನ ಮೇಲೆ ತಲೆಕೆಳಗಾಗಿ ಕೂತಿದ್ದವು, ನೆಲ ಒರೆಸುತ್ತಿದ್ದ ಹುಡುಗ ನಕ್ಕು ಒಂಬತ್ತು ಬೆರಳು ತೋರಿಸಿದ.

ಅಲ್ಲಿ ರಾತ್ರಿ ಊಟ ಶುರುವಾಗೋದೇ 9ಕ್ಕೆ, ಜನ ಸೇರೋದು 10ರ ಮೇಲೆ. ಮಧ್ಯಾಹ್ನ ಊಟವಾದ ಮೇಲೆ ಸಂಜೆ 5ರ ತನಕ ಊರಿಗೆ ಊರೇ ಮಲಗುತ್ತದೆ. ಅದಕ್ಕೇ ಮಧ್ಯಾಹ್ನ ಗಟ್ಟಿಯಾಗಿ ತಿನ್ನಿ. ಬಾಗಿಲ ಬಳಿಯ ಹಲಗೆಯಲ್ಲಿ 'ಮೆನು ದೆಲ್ ದಿಯಾ' ಅಂತ ಬರೆದಿದ್ದರೆ ಅದು ಆ ದಿನದ ಊಟ, ಬಿಡಿಯಾಗಿ ಹೇಳಿದ್ದಕ್ಕಿಂತ ಅಗ್ಗ. ಇನ್ನೂ ಅಗ್ಗ ಬೇಕಾದರೆ ಸಾನ್ ಮಿಗೆಲ್ ಮಾರ್ಕೆಟ್‌ನ ಒಳಗಿನ ಅಂಗಡಿಗಳು. 9 ದೆ ಹೂಲಿಯೊ ಚೌಕದ ಸುತ್ತಲಿನ ಮೇಜುಗಳಲ್ಲಿ ಸುಮ್ನೆ ಕಾಫಿ ಕುಡಿಯಿರಿ, ಸಾಕು.

ತಿನ್ನಲೇಬೇಕಾದ್ದು ಎಂಪನಾಡಾ. ನೋಡಲು ನಮ್ಮ ಕರ್ಜಿಕಾಯಿ ಥರ, ಅಂಚು ಕೈಯಲ್ಲೇ ಮಡಚಿದ್ದು. ಸಾಲ್ಟಾದ್ದು ಚಿಕ್ಕದು. ಚಾಕುವಿನಲ್ಲಿ ಸಣ್ಣಗೆ ಹೆಚ್ಚಿದ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ ಹೂವು, ಮೊಟ್ಟೆ, ಜೀರಿಗೆ ಹಾಕಿ ಮಣ್ಣಿನ ಒಲೆಯಲ್ಲಿ ಬೇಯಿಸುತ್ತಾರೆ. ಒಳಗೆ ಬಿಸಿ ರಸ ತುಂಬಿರುತ್ತೆ, ಮುಂದಕ್ಕೆ ಬಾಗಿ ಮೂಲೆಯಿಂದ ಕಚ್ಚಿ, ಇಲ್ಲಾಂದ್ರೆ ಅಂಗಿ ಹೋಯ್ತು. ಜೊತೆಗೆ ಕೊಡುವ ಟೊಮೆಟೊ ಖಾರದ ಚಟ್ನಿ ಬಿಡಬೇಡಿ, ಅರ್ಜೆಂಟೀನಾದ ಬೇರೆ ಕಡೆ ಖಾರ ಸಿಗೋದೇ ಕಷ್ಟ.

ಸಸ್ಯಾಹಾರಿಗಳಿಗೆ ಒಂದು ಮಾತು. 'ಕಾರ್ನೆ' ಅಂದರೆ ಅಲ್ಲಿ ದನದ ಮಾಂಸ, ಅಷ್ಟೇ. 'ಸಿನ್ ಕಾರ್ನೆ' ಅಂದು ಸುಮ್ಮನಾದರೆ ಹಂದಿಯದೋ ಕೋಳಿಯದೋ ಬಂದೀತು, ಒಂದೊಂದರ ಹೆಸರೂ ಹೇಳಿ ಬೇಡ ಅನ್ನಬೇಕು. ಚೀಸ್ ಎಂಪನಾಡಾ ಸಿಗುತ್ತೆ, ಆದರೆ ಹಿಟ್ಟು ಕಲಸುವಾಗ ದನದ ಕೊಬ್ಬು ಹಾಕುವುದು ಹಳೆಯ ರೂಢಿ. 'ತಿಯೆನೆ ಗ್ರಾಸಾ?' ಅಂತ ಕೇಳಿ. ಉಮಿತಾ ಅಂದರೆ ಎಳೆ ಮೆಕ್ಕೆಜೋಳ ಅರೆದು ಚೀಸ್ ಸೇರಿಸಿ ತೆನೆಯ ಸಿಪ್ಪೆಯಲ್ಲೇ ಕಟ್ಟಿ ಬೇಯಿಸಿದ್ದು, ಕೊಟ್ಟೆ ಕಡುಬಿನ ದೂರದ ನೆಂಟ. ಅದಕ್ಕೂ ಅದೇ ಪ್ರಶ್ನೆ. ಸಿಹಿಗೆ ಚಿಂತೆಯಿಲ್ಲ: ಕಾಯೊತೆ ಅನ್ನೋ ಕುಂಬಳದ ಜಾಮ್, ಕೆಳಗೆ ಹಸಿ ಚೀಸ್. ಎಳೆ ಎಳೆಯಾಗಿ ಹೊಳೆಯುತ್ತೆ, ಥೇಟ್ ಕಾಶಿ ಹಲ್ವಾ! ಕುಡಿಯುವವರಿಗೆ ಕಾಫಾಯಾತೆ ಕಡೆಯ ತೊರೊಂತೆಸ್ ಬಿಳಿ ವೈನ್ ಇದೆ.

ರಾತ್ರಿ ಪೆನ್ಯಾಕ್ಕೆ ಹೋಗಿ, ಅಂದರೆ ಊಟದ ಜೊತೆ ಜಾನಪದ ಹಾಡು. ಬಾಲ್ಕಾರ್ಸೆ ಬೀದಿ ತುಂಬ ಇವೆ, ಪ್ರವಾಸಿಗರಿಗೆಂದೇ ಕುಣಿತ, ವೇದಿಕೆ ಎಲ್ಲ ಇರುತ್ತೆ. ನನಗೆ ಇಷ್ಟವಾದದ್ದು ಲಾ ಕಸೋನಾ ದೆಲ್ ಮೊಲೀನೊ. ಹಳೇ ಮನೆ. ಅಲ್ಲಿ ಪಕ್ಕದ ಮೇಜಿನವರೇ ಗಿಟಾರ್ ತೆಗೆದು ಶುರು ಮಾಡ್ತಾರೆ, ಒಂದೊಂದು ಕೋಣೆಯಲ್ಲಿ ಒಂದೊಂದು ಹಾಡು. ಬಿಲ್ ಅವರಾಗೇ ತರೋದಿಲ್ಲ, 'ಲಾ ಕ್ವೆಂತಾ' ಅಂತ ಕೇಳಬೇಕು. ಬಿಲ್ಲಿನಲ್ಲಿ 'ಕುಬಿಯೆರ್ತೊ' ಅಂತ ಕಂಡರೆ ಅದು ಬ್ರೆಡ್ಡು, ತಟ್ಟೆಯ ಲೆಕ್ಕ, ಟಿಪ್ಸ್ ಅಲ್ಲ. ಟಿಪ್ಸ್ 10% ಬೇರೆ ಕೊಡಿ.